ಏಳು ಸುತ್ತಿನ ಸುರುಳಿ

"ಸಾಣೆಮನೆ ಪುಸ್ತಕಗಳನ್ನೆಲ್ಲ ತಂದಿಡಿ, ಮೊದಲನೇದರಿಂದ ಹಿಡಿದು ಇವತ್ತಿನದರವರೆಗೂ" ಎಂದು ಮೇಷ್ಟ್ರು ಕೇಳಿದಾಗ ನನ್ನ ಎದೆ ಧಸಕ್ಕೆಂದಿತು. ಅಣ್ಣ ಮಾತ್ರ ಮದುವೆ ಆಲ್ಬಮ್ ತೋರಿಸುವವನ ಉತ್ಸಾಹದಲ್ಲಿ ಬೀಗದ ಕೈ ಗೊಂಚಲು ಹೊರತೆಗೆದ.

ನಮ್ಮ ಫೌಂಟನ್ ಪೆನ್ ಕಂಪನಿಗೆ ಎಪ್ಪತ್ತು ತುಂಬಿತ್ತು. ಅದರ ಚರಿತ್ರೆ ಬರೆಸಬೇಕು ಅಂತ ಅಣ್ಣನಿಗೆ ಹುಕಿ ಬಂದಿತ್ತು. ಅಣ್ಣ ಅಂದರೆ ದೊಡ್ಡಪ್ಪನ ಮಗ, ಈಗಿನ ಯಜಮಾನ. ಬರೆಯಲು ಒಪ್ಪಿದವರು ಇತಿಹಾಸ ಪಾಠ ಹೇಳಿ ನಿವೃತ್ತರಾದ ಈ ಮೇಷ್ಟ್ರು. ಹೊಗಳಿ ನಾಲ್ಕು ಪುಟ ಗೀಚಿ ಕೈ ತೊಳೆದುಕೊಳ್ಳುವ ಆಸಾಮಿ ಅಂದುಕೊಂಡಿದ್ದೆ. ಈ ಮನುಷ್ಯ ನೋಡಿದರೆ ಬೆಳಿಗ್ಗೆ ಒಂಬತ್ತಕ್ಕೇ ಬಂದು, ಭೂತಗನ್ನಡಿ ಒರೆಸಿಟ್ಟುಕೊಂಡು, ಕಂಡಿದ್ದನ್ನೆಲ್ಲ ಕೆದಕಲು ಕೂತಿದ್ದರು. ಅಷ್ಟು ಶ್ರದ್ಧೆ ಇರುವವರನ್ನು ಕಂಡರೆ ನನಗೆ ಮೊದಲಿಂದಲೂ ಅಷ್ಟಕ್ಕಷ್ಟೆ.

ಪುಸ್ತಕದ ವಿಷಯ ಹೇಳಿಬಿಡುತ್ತೇನೆ. ನಮ್ಮಲ್ಲಿ ಪೆನ್ನಿನ ಕೊಳವೆ, ಕ್ಯಾಪು, ಕ್ಲಿಪ್ಪುಗಳನ್ನು ಯಾವ ಕೆಲಸದವರು ಬೇಕಾದರೂ ಮಾಡಬಹುದು. ನಿಬ್ಬಿಗೆ ಸಾಣೆ ಹಿಡಿಯುವುದು ಮಾತ್ರ ಮನೆಯವರ ಕೆಲಸ. ನಿಬ್ಬಿನ ತುದಿಯಲ್ಲಿ ಸಾಸಿವೆಗಿಂತ ಸಣ್ಣದಾದ ಗಟ್ಟಿ ಲೋಹದ ಮಣಿಯೊಂದು ಇರುತ್ತದೆ. ಕಾಗದ ಮುಟ್ಟುವುದು ಅದೊಂದೇ. ಅದನ್ನು ತಿರುಗುವ ಕಲ್ಲಿಗೆ ಸೋಕಿಸಿ, ತೆಗೆದು, ಮತ್ತೆ ಸೋಕಿಸಿ ಹದಕ್ಕೆ ತರಬೇಕು. ಒಂದು ಗಳಿಗೆ ಹೆಚ್ಚು ಒತ್ತಿದರೆ ಮಣಿ ಹಾರಿಹೋಗುತ್ತದೆ, ನಿಬ್ಬು ಕಸದ ಬುಟ್ಟಿಗೆ. ಹದಕ್ಕೆ ಬಂದ ನಿಬ್ಬನ್ನು ಇಂಕಿಗೆ ಅದ್ದಿ, ಸಾಣೆಮನೆಯ ಪುಸ್ತಕದಲ್ಲಿ ಅದರ ನಂಬರು, ತಾರೀಖು ಬರೆದು, ಪಕ್ಕದಲ್ಲಿ ನಡುವಿನಿಂದ ಹೊರಕ್ಕೆ ಕೈ ಎತ್ತದೆ ಏಳು ಸುತ್ತಿನ ಸುರುಳಿ ಹಾಕಬೇಕು. ಸುರುಳಿಯ ಕೆಳಗೆ ರುಜು. ಇದು ತಾತ ಮಾಡಿಟ್ಟ ಕಟ್ಟಳೆ. ಸಾಣೆ ಹಿಡಿದವರೇ ರುಜು ಹಾಕಬೇಕು. ಬೇರೆಯವರು ಹಿಡಿದ ನಿಬ್ಬಿಗೆ ರುಜು ಹಾಕಿದವರು ಮತ್ತೆ ಸಾಣೆಮನೆಯ ಹೊಸಿಲು ತುಳಿಯುವಂತಿಲ್ಲ.

ಬರೀ ಬಾಯಿಮಾತಿನ ಕಟ್ಟಳೆಯಲ್ಲ ಅದು. ಕಂಪನಿ ಶುರುವಾಗಿ ಹನ್ನೆರಡನೇ ವರ್ಷ ತಾತ ತನ್ನ ಸ್ವಂತ ತಮ್ಮನನ್ನೇ ಅದಕ್ಕಾಗಿ ಹೊರಗೆ ಕಳಿಸಿದರು. ಚಿಕ್ಕತಾತ ತನ್ನ ಸಾಮಾನಿನ ಪೆಟ್ಟಿಗೆ ಹೊತ್ತುಕೊಂಡು ಗೇಟು ದಾಟಿದ್ದನ್ನು ಹದಿಮೂರು ವರ್ಷದ ಅತ್ತೆ ಕಣ್ಣಾರೆ ಕಂಡಿದ್ದಳಂತೆ. ಸಾಯುವವರೆಗೂ ಅಣ್ಣತಮ್ಮಂದಿರು ಮುಖ ನೋಡಲಿಲ್ಲ.

ಅತ್ತೆ ನನ್ನ ಅಪ್ಪನ ಅಕ್ಕ. ಐವತ್ತು ವರ್ಷದಿಂದ ನಮ್ಮ ನಿಬ್ಬುಗಳಿಗೆ ಸಾಣೆ ಹಿಡಿದವಳು. ಅಂಗಡಿಗೆ ಬಂದವರು ಪೆನ್ನಿನ ಬಣ್ಣ ಕೇಳುವ ಮೊದಲು "ಇದು ಅಮ್ಮನ ಕೈದೇ ತಾನೇ?" ಅಂತ ಕೇಳುತ್ತಾರೆ. ಅವರಿಗೆಲ್ಲ ಅತ್ತೆಯೇ ಅಮ್ಮ. ಆ ಅತ್ತೆಯ ಕೈ ಎರಡು ವರ್ಷದ ಹಿಂದೆ ನಡುಗಲು ಶುರುವಾಯಿತು. ಮೊದಲು ಟೀ ಲೋಟದಲ್ಲಿ, ಆಮೇಲೆ ಸೂಜಿಗೆ ದಾರ ಪೋಣಿಸುವಾಗ, ಕೊನೆಗೆ ಕಲ್ಲಿನ ಮುಂದೆ. ಒಂದೇ ದಿನ ಮೂರು ನಿಬ್ಬು ಹಾಳಾದವು. ಅತ್ತೆ ಬಾಗಿಲು ಹಾಕಿ ನನ್ನ ಕಡೆ ನೋಡಿದಳು. ನಾನು ಅವಳ ಜಾಗದಲ್ಲಿ ಕೂತೆ.

ಅಂದಿನಿಂದ ಸಾಣೆ ಹಿಡಿಯುವವಳು ನಾನು, ರುಜು ಹಾಕುವವಳು ಅತ್ತೆ.

ಅಣ್ಣನಿಗೆ ಹೇಳುವುದು ಹೇಗೆ? ಅವನ ಮೇಜಿನ ಮೇಲೆ ಮೆಷಿನ್ ನಿಬ್ಬುಗಳ ಸ್ಯಾಂಪಲ್ ಡಬ್ಬಿ ಆಗಲೇ ಕೂತಿತ್ತು. "ಅತ್ತೆ ಕೈ ಇರೋವರೆಗೂ ಹೊರಗಿನ ನಿಬ್ಬು ನಮ್ಮ ಗೇಟೊಳಗೆ ಬರಲ್ಲ. ಆಮೇಲೆ ಸಾಣೆಮನೆಗೆ ಬೀಗ" ಅಂತ ಅವನು ಎಲ್ಲರ ಮುಂದೆ ಹೇಳಿಯಾಗಿತ್ತು. ನಾನು ಮುಂದುವರಿಸುತ್ತೇನೆ ಅಂದಿದ್ದಕ್ಕೆ ಮುಸಿಮುಸಿ ನಕ್ಕಿದ್ದ. "ಜನ ದುಡ್ಡು ಕೊಡೋದು ಅತ್ತೆ ಕೈಗೆ ಕಣೇ, ನಿನ್ನ ಕೈಗಲ್ಲ." ಹದಿನಾಲ್ಕು ವರ್ಷ ಅತ್ತೆಯ ಪಕ್ಕ ಕೂತು ಕಲಿತವಳು ಅವನ ಕಣ್ಣಿಗೆ ಎಣ್ಣೆ ಒರೆಸುವ ಬಟ್ಟೆ. ಸಾಣೆಮನೆ ಮುಚ್ಚಿದರೆ ನನಗೆ ಈ ಭೂಮಿ ಮೇಲೆ ಗೊತ್ತಿರುವ ಒಂದೇ ಒಂದು ಕೆಲಸ ಹೋಗುತ್ತಿತ್ತು.

ನಾವಿಬ್ಬರೂ ಎಲ್ಲ ಕಡೆ ಜಾಗ್ರತೆ ವಹಿಸಿದ್ದೆವು. ಕೆಲಸದ ಹೊತ್ತಿನಲ್ಲಿ ಬಾಗಿಲಿಗೆ ಅಗುಳಿ. ಯಾರಾದರೂ ತಟ್ಟಿದರೆ ನಾನು ಎದ್ದು ಅತ್ತೆಯನ್ನು ಸ್ಟೂಲಿನ ಮೇಲೆ ಕೂರಿಸಿ ಆಮೇಲೆ ಅಗುಳಿ ತೆಗೆಯುತ್ತಿದ್ದೆ. ಅವಳ ಏಪ್ರನ್ನಿಗೆ ಸಾಣೆಪುಡಿ ಕೂಡ ನಾನೇ ಬಳಿಯುತ್ತಿದ್ದೆ. ಆದರೆ ನಿಬ್ಬು ಹದವಾದ ಮೇಲೆ ಅವಳ ಕೈಗೆ ಕೊಡುತ್ತಿದ್ದೆ, ಅವಳು ಪುಸ್ತಕದಲ್ಲಿ ಸುರುಳಿ ಹಾಕುತ್ತಿದ್ದಳು, ಆ ನಡುಗುವ ಕೈಯಲ್ಲೇ. ಸುರುಳಿಯನ್ನೂ ನಾನೇ ಹಾಕಿಬಿಡಬಹುದು ಅಂತ ನಮ್ಮಿಬ್ಬರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ರುಜು ಹಾಕುವವರದೇ ಸುರುಳಿ. ಹುಟ್ಟಿದಾಗಿಂದ ನೋಡಿದ್ದು ಅದನ್ನೇ. ಕಳ್ಳ ರುಜುವಿಗೆ ಹೇಸದ ನಾವು ಕಳ್ಳ ಸುರುಳಿ ಹಾಕುವಷ್ಟು ಕೆಟ್ಟಿರಲಿಲ್ಲ ಅನ್ನಿ. ಎರಡು ವರ್ಷದ ನಮ್ಮ ಗುಟ್ಟು ಆ ಪುಸ್ತಕದಲ್ಲಿ ಒಂದೊಂದು ನಿಬ್ಬಿಗೂ ಏಳೇಳು ಸುತ್ತು ಬಿದ್ದುಕೊಂಡಿತ್ತು.

ಅಣ್ಣ ಬೀರುವಿನಿಂದ ಹತ್ತು ಪುಸ್ತಕ ತಂದು ಮೇಜಿನ ಮೇಲೆ ಪೇರಿಸಿದ. ಹನ್ನೊಂದನೆಯದು, ಈಗ ನಡೆಯುತ್ತಿರುವುದು, ಸಾಣೆಮನೆಯಲ್ಲೇ ಇತ್ತು.

"ಕಡೇದು ಎಲ್ಲಿ?" ಎಂದು ಕೇಳಿದ.

"ಬೈಂಡಿಂಗ್ ಬಿಚ್ಚಿಕೊಂಡಿತ್ತು. ರಿಪೇರಿಗೆ ಕೊಟ್ಟಿದೀನಿ" ಅಂದೆ. ಸುಳ್ಳು ಹೇಳುವಾಗ ನನ್ನ ಕಿವಿ ಕೆಂಪಾಗುತ್ತದೆ ಅಂತ ಅಮ್ಮ ಹೇಳುತ್ತಿದ್ದಳು. ತಲೆಗೂದಲು ಸರಿಮಾಡುವವಳ ಹಾಗೆ ಎರಡೂ ಕಿವಿ ಮುಚ್ಚಿಕೊಂಡೆ.

ಮೇಷ್ಟ್ರು ಮೊದಲ ಪುಸ್ತಕ ತೆರೆದರು. ಒಂದು ಗಂಟೆ ಕಳೆಯಿತು. ನಾನು ಅಲ್ಲಿ ಇಲ್ಲಿ ಧೂಳು ಒರೆಸುತ್ತ ಸುಳಿದಾಡಿದೆ. ಅತ್ತೆ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡು ಕೂತಿದ್ದಳು. ಮೇಷ್ಟ್ರು ಎರಡನೇ ಪುಸ್ತಕದ ನಡುವೆ ತಡೆದರು.

"ಇಲ್ಲಿಂದ ತಮ್ಮನ ರುಜು ನಿಂತುಹೋಗಿದೆ."

ಅಣ್ಣ ಆ ಕಥೆಯನ್ನು ಭಾಷಣದ ಧಾಟಿಯಲ್ಲಿ ಹೇಳಿದ. ತಾನು ಹಿಡಿಯದ ನಿಬ್ಬಿಗೆ ಚಿಕ್ಕತಾತ ರುಜು ಹಾಕಿದ್ದು, ತಾತ ಕಂಡುಹಿಡಿದದ್ದು, ರಕ್ತಸಂಬಂಧ ಅಂತ ನೋಡದೆ ಹೊರಗೆ ಹಾಕಿದ್ದು. "ಈ ಕಂಪನಿ ನಿಂತಿರೋದೇ ಆ ನಿಯತ್ತಿನ ಮೇಲೆ. ಇದನ್ನ ದೊಡ್ಡಕ್ಷರದಲ್ಲಿ ಹಾಕಿ ಮೇಷ್ಟ್ರೇ."

"ಹಾಕೋಣ. ಆದ್ರೆ ಅವರು ಹಿಡೀಲಿಲ್ಲ ಅಂದ್ಮೇಲೆ ಇನ್ಯಾರೋ ಹಿಡಿದಿರಬೇಕಲ್ಲ. ಯಾರು?"

ಅಣ್ಣ ಪುಸ್ತಕ ಎಳೆದುಕೊಂಡು ಆ ಪುಟ ನೋಡಿದ. ನಾನೂ ಯೋಚಿಸಿದೆ. ನೂರು ಸಲ ಕೇಳಿದ ಕಥೆ, ಈ ಪ್ರಶ್ನೆ ಮಾತ್ರ ನಮ್ಮ ಮನೆಯಲ್ಲಿ ಒಬ್ಬರ ತಲೆಗೂ ಬಂದಿರಲಿಲ್ಲ. ಅತ್ತೆಯ ಕಡೆ ನೋಡಿದೆ. ಅವಳು ಕಿಟಕಿ ನೋಡುತ್ತಿದ್ದಳು.

ಹನ್ನೊಂದೂವರೆಗೆ ಮೇಷ್ಟ್ರು ಹತ್ತನೇ ಪುಸ್ತಕ ಮುಗಿಸಿದರು. ಅತ್ತೆಯ ಮೊದಲ ಸುರುಳಿಯನ್ನೂ ತೀರ ಈಚಿನ ಸುರುಳಿಯನ್ನೂ ಅಕ್ಕಪಕ್ಕ ಅಚ್ಚು ಹಾಕಿಸಬೇಕು ಅಂತ ಅವರಿಗೆ ಆಸೆಯಾಯಿತು. ಅಣ್ಣನಿಗೆ ಅದು ಹಿಡಿಸಿಬಿಟ್ಟಿತು. "ಕಳಚಿದ ಒಂದು ಪುಟವಾದ್ರೂ ಸಿಗಬಹುದು, ಇರಿ" ಅಂತ ತಾನೇ ಸಾಣೆಮನೆಗೆ ನುಗ್ಗಿದ. ನಾನು ಹಿಂದೆ ಓಡುವಷ್ಟರಲ್ಲಿ ಪುಸ್ತಕ ಎತ್ತಿಕೊಂಡು ಬರುತ್ತಿದ್ದ.

"ಇಲ್ಲೇ ಇದೆಯಲ್ಲೇ! ಬೈಂಡಿಂಗೂ ಗಟ್ಟಿಮುಟ್ಟಾಗಿದೆ. ಯಾವ ಲೋಕದಲ್ಲಿ ಇರ್ತೀಯ?"

ಮೇಷ್ಟ್ರು ಕೊನೆಯ ಬರೆದ ಪುಟ ತೆರೆದರು. ಭೂತಗನ್ನಡಿ ಇಟ್ಟರು. ಒಂದು ಪುಟ ಹಿಂದೆ ಹೋದರು, ಆಮೇಲೆ ಹತ್ತು ಪುಟ, ಆಮೇಲೆ ಒಂದು ಹಿಡಿ. ಪಾಪ, ಅವರಿಗೆ ಯಾವ ದುರುದ್ದೇಶವೂ ಇರಲಿಲ್ಲ. ತರಗತಿಯಲ್ಲಿ ಕೇಳುವ ಹಾಗೆ ಕೇಳಿದರು.

"ಇದು ಕಾಗದದ ದೋಷವೋ, ನಿಬ್ಬಿನದೋ? ಎರಡು ವರ್ಷದಿಂದ ಗೆರೆ ಎಲ್ಲ ಅಲುಗಿದೆ."

ಅಣ್ಣ ಬಗ್ಗಿ ನೋಡಿದ. ಅವನು ಒರಟನೇ ಹೊರತು ದಡ್ಡನಲ್ಲ. ಈ ಮನೆಯಲ್ಲೇ ಬೆಳೆದವನು. ಬೆರಳನ್ನು ಒಂದು ಸುರುಳಿಯ ಮೇಲೆ ಇಟ್ಟು ನಿಧಾನ ತಿರುಗಿಸಿದ. ಮತ್ತೆ ತಲೆ ಎತ್ತಿ ಅತ್ತೆಯ ಸೆರಗನ್ನು ನೋಡಿದ.

"ಅತ್ತೆ, ಕೈ ಹೊರಗೆ ತೆಗಿ."

ಅತ್ತೆ ತೆಗೆಯಲಿಲ್ಲ.

"ಈ ಕೈಯಲ್ಲಿ ಸಾಣೆ ಹಿಡಿಯೋಕೆ ಸಾಧ್ಯ ಇಲ್ಲ. ನಿಬ್ಬುಗಳು ಮಾತ್ರ ಬೆಣ್ಣೆ ಥರ ಬರ್ತಿವೆ. ಯಾರು ಹಿಡೀತಿದಾರೆ?"

ನಾನು ಬಾಯಿ ಬಿಡಬೇಕಿತ್ತು. ಬಿಡಲು ಹೊರಟೂ ಇದ್ದೆ. ಅಷ್ಟರಲ್ಲಿ ಅತ್ತೆ ಎದ್ದು ನಿಂತಳು.

"ನಾನೇ ಹಿಡೀತಿರೋದು. ಬರೆಯೋವಾಗ ಸ್ವಲ್ಪ ನಡುಗುತ್ತೆ. ಕಲ್ಲಿನ ಮುಂದೆ ಕೂತ್ರೆ ನಿಲ್ಲುತ್ತೆ."

ಇಷ್ಟು ರಾಜಾರೋಷವಾಗಿ ಸುಳ್ಳು ಹೇಳುವುದು ಅವಳಿಗೆ ಬರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಮೇಷ್ಟ್ರಿಗೋ ಖುಷಿಯಾಗಿಹೋಯಿತು. ಎದೆಯ ಜೇಬಿನಿಂದ ಒಂದು ಹಳೆಯ ಪೆನ್ನು ತೆಗೆದರು. ಕಡುಹಸಿರು ಕೊಳವೆ, ನಮ್ಮದೇ ಕಂಪನಿಯದು.

"ಕೇಳೋಕೆ ಸಂಕೋಚ ಆಗ್ತಿತ್ತು. ಇದು ನಮ್ಮ ಮನೆಯವಳ ಪೆನ್ನು. ಅವಳು ಹೋಗಿ ಮೂರು ವರ್ಷ ಆಯ್ತು. ನಾನು ಬರೆದ್ರೆ ಗೀರುತ್ತೆ. ನಿಮ್ಮ ಕೈಯಿಂದ ಒಂದು ಚೂರು ಸರಿಹೋಗುತ್ತಾ ಅಮ್ಮಾ?"

ಅಣ್ಣ ಪೆನ್ನನ್ನು ತೆಗೆದುಕೊಂಡು ಅತ್ತೆಯ ಮುಂದೆ ಹಿಡಿದ. "ಹಿಡಿದು ಕೊಡು ಅತ್ತೆ. ನಾವೂ ನೋಡ್ತೀವಿ."

ನಾಲ್ವರೂ ಸಾಣೆಮನೆಗೆ ಹೋದೆವು. ಅಣ್ಣ ಪುಸ್ತಕವನ್ನೂ ಎತ್ತಿಕೊಂಡು ಬಂದ. ಕಿರಿದಾದ ಕೋಣೆ, ಒಂದೇ ಕಿಟಕಿ, ಒಬ್ಬರ ಉಸಿರು ಇನ್ನೊಬ್ಬರಿಗೆ ತಾಗುತ್ತಿತ್ತು. ಅತ್ತೆ ಸ್ಟೂಲಿನ ಮೇಲೆ ಕೂತು ನಿಬ್ಬು ಕಳಚಿದಳು. ಕಳಚುವುದಕ್ಕೇ ಮೂರು ಸಲ ಜಾರಿತು. ಕನ್ನಡಕದ ಮೇಲೆ ದಪ್ಪ ಗಾಜು ಸಿಕ್ಕಿಸಿಕೊಂಡು ಮಣಿಯನ್ನು ನೋಡಿದಳು.

"ಎಡಕ್ಕೆ ವಾರೆಯಾಗಿ ಸವೆದಿದೆ. ನಿಮ್ಮವರು ಪೆನ್ನನ್ನ ಓರೆ ಹಿಡೀತಿದ್ರಾ?"

"ಹೌದು ಹೌದು! ಪುಸ್ತಕವನ್ನೂ ಓರೆಗೇ ಇಟ್ಕೊಳ್ಳೋಳು."

"ತುಂಬಾ ಬರೀತಿದ್ರು ಅನ್ಸುತ್ತೆ."

"ಡೈರಿ ಬರೀತಿದ್ಲು. ದಿನಾ."

ನಾನು ಅವಳ ಬೆನ್ನ ಹಿಂದೆ ನಿಂತಿದ್ದೆ. ಆ ವಾರೆಯನ್ನು ಉಳಿಸಿಕೊಂಡು ಅಂಚಿನ ಗೀರನ್ನಷ್ಟೇ ತೆಗೆಯಬೇಕಿತ್ತು. ಎರಡು ಸೋಕು, ಹೆಚ್ಚೆಂದರೆ ಮೂರು. ನಾನು ಕಣ್ಣು ಮುಚ್ಚಿ ಮಾಡಬಹುದಾದ ಕೆಲಸ. ಅತ್ತೆ ಸ್ವಿಚ್ ಒತ್ತಿದಳು. ಕಲ್ಲು ತಿರುಗಿತು. ಅವಳು ಮೊಣಕೈಗಳನ್ನು ಮೇಜಿಗೆ ಊರಿ, ಎಡಗೈಯಿಂದ ಬಲ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಳು. ಬಲಗೈಯ ನಡುಕ ನಿಂತಿತು, ಆದರೆ ಈಗ ಎರಡೂ ಕೈ ಸೇರಿ ನಡುಗತೊಡಗಿದವು.

ಬೇಡ ಅತ್ತೆ ಅನ್ನಲು ನನಗೆ ಬೇಕಾದಷ್ಟು ಹೊತ್ತಿತ್ತು. ಅನ್ನಲಿಲ್ಲ. ಅಂದರೆ ಸಾಣೆಮನೆ ಹೋಗುತ್ತದೆ ಅನ್ನುವ ಹೆದರಿಕೆ ಒಂದು. ಅದು ಅರ್ಧ ಸತ್ಯ. ಉಳಿದರ್ಧ ಹೇಳಲು ನಾಚಿಕೆ, ಆದರೂ ಹೇಳುತ್ತೇನೆ: ತಪ್ಪಲಿ, ಅವಳ ಕೈಯಿಂದ ಆಗುವುದಿಲ್ಲ ಅಂತ ಇವರೆಲ್ಲ ನೋಡಲಿ ಅಂತ ನನ್ನೊಳಗೆ ಯಾರೋ ಹೇಳುತ್ತಿದ್ದರು.

ಮೊದಲ ಸೋಕು ಸರಿಯಾಗಿ ಬಿತ್ತು. ಮೇಷ್ಟ್ರು ಉಸಿರು ಬಿಟ್ಟರು. ಅತ್ತೆ ಗಾಜಿನಲ್ಲಿ ನೋಡಿ ಮತ್ತೆ ಕೈ ಚಾಚಿದಳು. ಎರಡನೆಯ ಸಲ ಸದ್ದೇ ಬೇರೆ ಬಂತು. ಹಲ್ಲಿಗೆ ಕಲ್ಲು ಸಿಕ್ಕಿದ ಹಾಗೆ ಕರ್ ಅಂತು. ಮಣಿ ಹಾರಿ ಎಲ್ಲಿಗೋ ಹೋಯಿತು.

ಅತ್ತೆ ಸ್ವಿಚ್ ಆರಿಸಿದಳು. ಕಲ್ಲು ತಿರುಗುತ್ತ ತಿರುಗುತ್ತ ನಿಂತಿತು.

"ಪರವಾಗಿಲ್ಲ ಬಿಡಿ" ಎಂದರು ಮೇಷ್ಟ್ರು. ಅವರ ಮುಖ ಹಾಗೆ ಹೇಳುತ್ತಿರಲಿಲ್ಲ. "ಬೇರೆ ನಿಬ್ಬು ಹಾಕಿದ್ರಾಯ್ತು."

"ಬೇರೆ ನಿಬ್ಬಿಗೆ ಅವರ ವಾರೆ ಬರಲ್ಲ" ಎಂದಳು ಅತ್ತೆ. "ನಾನು ಹಾಳು ಮಾಡ್ದೆ. ಪುಸ್ತಕ ಕೊಡೇ."

ನಾನು ಕೊಡಲಿಲ್ಲ. ಅವಳೇ ಅಣ್ಣನ ಕೈಯಿಂದ ಕಸಿದುಕೊಂಡಳು. ಮೊಂಡಾದ ನಿಬ್ಬನ್ನು ಇಂಕಿಗೆ ಅದ್ದಿದಳು. ಹಸಿರು ಕೊಳವೆಯ ಮೇಲಿದ್ದ ಹಳೆಯ ನಂಬರು ಓದಿ ಹೊಸ ಸಾಲಿನಲ್ಲಿ ಬರೆದಳು. ಪಕ್ಕದಲ್ಲಿ ಸುರುಳಿ ಶುರುಮಾಡಿದಳು. ಮೊದಲ ಸುತ್ತಿಗೇ ಕಾಗದ ಹರಿಯಿತು, ಇಂಕು ಚಿತ್ತಾಗಿ ಹರಡಿತು. ಬಿಡಲಿಲ್ಲ. ಕೈ ಎತ್ತದೆ ಏಳೂ ಸುತ್ತು ಹಾಕಿ, ಕೆಳಗೆ ರುಜು ಮಾಡಿ, ಇಂಕು ಹೀರುವ ಒತ್ತುಕಾಗದ ಇಟ್ಟಳು. ಎರಡು ವರ್ಷದಲ್ಲಿ ಅವಳು ನಿಜವಾಗಿ ತನ್ನದಕ್ಕೆ ಹಾಕಿದ ರುಜು ಅದೊಂದೇ.

"ಇದು ನಂದು" ಎಂದಳು ಅಣ್ಣನಿಗೆ. "ಇದರ ಮುಂಚಿನ ಎರಡು ವರ್ಷದ್ದು ಅಷ್ಟೂ ಇವಳದು."

ಅಣ್ಣ ನನ್ನ ಕಡೆ ತಿರುಗಿದ. "ನೀನಾ?"

"ಹೂಂ."

"ಎಷ್ಟು?"

"ನಾನೂರ ಹನ್ನೆರಡು."

ಥಟ್ಟನೆ ಬಂದುಬಿಟ್ಟಿತು. ಎಣಿಸುತ್ತಿದ್ದೆ ಅಂತ ನಾನು ಅತ್ತೆಗೂ ಹೇಳಿರಲಿಲ್ಲ. ಅವಳು ನನ್ನನ್ನು ಒಮ್ಮೆ ನೋಡಿ ತಲೆ ತಗ್ಗಿಸಿದಳು.

ಅಣ್ಣನ ಕತ್ತಿನ ನರ ಉಬ್ಬಿತು. "ಇಬ್ರೂ ಸೇರ್ಕೊಂಡು ನನ್ನ ಮಂಗ ಮಾಡಿದ್ರಲ್ಲ! ನಾನು ಅಲ್ಲಿ ಊರಿಗೆಲ್ಲ ನಿಯತ್ತು ಅಂತ ಡಂಗುರ ಸಾರ್ತಿದೀನಿ. ತಾತನ ಕಟ್ಟಳೆ ಅಂದ್ರೆ ಇಬ್ರೂ ಹೊರಗೆ. ಇವತ್ತೇ ಬೀಗ ಹಾಕ್ತೀನಿ."

"ಕಟ್ಟಳೆ ನನಗೆ ಹೇಳ್ಕೊಡ್ಬೇಡ. ರುಜು ಹಾಕಿದವರು ಹೊರಗೆ. ಇವಳು ಎಲ್ಲಿ ಹಾಕಿದಾಳೆ ತೋರ್ಸು." ಅತ್ತೆ ಮೇಷ್ಟ್ರ ಕಡೆ ತಿರುಗಿದಳು. "ನೀವು ಆಗ್ಲೇ ಕೇಳಿದ್ರಲ್ಲ, ಚಿಕ್ಕಪ್ಪ ರುಜು ಹಾಕಿದ ನಿಬ್ಬನ್ನ ಹಿಡಿದವರು ಯಾರು ಅಂತ. ನಮ್ಮಮ್ಮ."

ಅಣ್ಣ "ಅಜ್ಜಿನಾ?" ಅಂದದ್ದು ಪಿಸುಮಾತಿನ ಹಾಗಿತ್ತು.

"ಚಿಕ್ಕಪ್ಪನ ಹೆಬ್ಬೆರಳು ಕಲ್ಲಿಗೆ ಸಿಕ್ಕಿ ಜಜ್ಜಿಹೋಗಿತ್ತು. ಪೆನ್ನು ಹಿಡಿಯೋಕಾಗ್ತಿತ್ತು, ನಿಬ್ಬು ಹಿಡಿಯೋಕಾಗ್ತಿರಲಿಲ್ಲ. ಅಪ್ಪ ಸ್ಯಾಂಪಲ್ ಪೆಟ್ಟಿಗೆ ತಗೊಂಡು ಅಂಗಡಿಗಳಿಗೆ ಹೋದಾಗ ಅಮ್ಮ ಬಂದು ಕೂರ್ತಿದ್ಲು. ಒಂದಿನ ಅಪ್ಪ ಬೇಗ ಬಂದ್ರು. ಚಿಕ್ಕಪ್ಪನ್ನ ಹೊರಗೆ ಹಾಕಿದ್ರು. ಅಮ್ಮನ್ನ ಬೈಲಿಲ್ಲ, ಬಾ ಕೂತ್ಕೋ ಅಂತ್ಲೂ ಅನ್ಲಿಲ್ಲ. ಏನೂ ಕೇಳ್ಲೇ ಇಲ್ಲ. ಆಮೇಲೆ ಎಂಟ್ಹತ್ತು ವರ್ಷ ಅಪ್ಪ ಗೀರೋ ನಿಬ್ಬು ಮಾಡಿದ್ರು. ಅಮ್ಮ ಈ ಗೋಡೆ ಆಚೆ ಮನೆಯೊಳಗೆ ಕೂತು ಆ ಸದ್ದು ಕೇಳ್ತಿದ್ಲು. ನಾನು ಈ ಸ್ಟೂಲ್ ಮೇಲೆ ಕೂತ್ಮೇಲೆ ಒಳಗಿಂದ್ಲೇ ಕೂಗೋಳು, ಒತ್ತಬೇಡ, ಈಗ ಎತ್ತು ಅಂತ. ನನಗೆ ಕಲಿಸಿದ್ದು ಅವಳು. ಅವಳ ರುಜು ಈ ಹನ್ನೊಂದು ಪುಸ್ತಕದಲ್ಲಿ ಒಂದೂ ಇಲ್ಲ."

ಅತ್ತೆ ನನ್ನ ಕಡೆ ಕೈ ತೋರಿದಳು. "ಅದನ್ನೆಲ್ಲ ಕಣ್ಣಾರೆ ಕಂಡವಳು ನಾನು. ಕಂಡೂ ಇವಳಿಗೆ ಅದನ್ನೇ ಮಾಡ್ದೆ. ಸಾಣೆಮನೆ ಉಳಿಸೋಕೆ ಅಂತ ಹೇಳ್ದೆ. ಅಂಗಡೀಲಿ ಜನ ಅಮ್ಮನ ಕೈದೇ ತಾನೇ ಅಂತ ನನ್ನ ಕೈನ ಕೇಳೋದು ನನಗೆ ಬೇಕಿತ್ತು, ಅದನ್ನ ಹೇಳ್ಲಿಲ್ಲ."

ಮೇಷ್ಟ್ರು ಬರೆದುಕೊಳ್ಳುತ್ತಿರಲಿಲ್ಲ. ಖಾಲಿ ಹಸಿರು ಕೊಳವೆಯನ್ನು ಅಂಗೈಯಲ್ಲಿ ಹಿಡಿದುಕೊಂಡು ನಿಂತಿದ್ದರು. "ಇದನ್ನ ಪುಸ್ತಕದಲ್ಲಿ ಹಾಕಬಹುದಾ ಅಮ್ಮಾ?"

"ಹಾಕ್ಲೇಬೇಕು. ನಿಮ್ಮ ನಿಬ್ಬಿನ ವಿಷಯಾನೂ ಹಾಕಿ."

ಅಣ್ಣ ಬೀಗದ ಕೈ ಗೊಂಚಲನ್ನು ಜೇಬಿಗೆ ಹಾಕಿಕೊಂಡ. ಆಮೇಲೆ ತಟ್ಟೆಯಿಂದ ಹೊಸ ನಿಬ್ಬೊಂದನ್ನು ಎತ್ತಿ ನನ್ನ ಮುಂದೆ ಇಟ್ಟ. "ಹಿಡಿ. ನಾನು ನೋಡ್ಬೇಕು."

ಅತ್ತೆ ಸ್ಟೂಲು ಬಿಟ್ಟಳು. ನಾನು ಕೂತೆ. ಬಾಗಿಲು ತೆರೆದಿಟ್ಟು ಸಾಣೆ ಹಿಡಿದದ್ದು ಅದೇ ಮೊದಲು. ನಾಲ್ಕು ಸೋಕಿಗೆ ಹದ ಬಂತು. ಅಣ್ಣ ನಿಬ್ಬನ್ನು ಇಂಕಿಗೆ ಅದ್ದಿ ರದ್ದಿ ಕಾಗದದ ಮೇಲೆ ಒಂದು ಸಾಲು ಬರೆದ, ನಿಲ್ಲಿಸಿದ, ಇನ್ನೆರಡು ಸಾಲು ಬರೆದ. ನಗಲೂ ಇಲ್ಲ, ಹೊಗಳಲೂ ಇಲ್ಲ. ಪುಸ್ತಕವನ್ನು ನನ್ನ ಕಡೆ ತಳ್ಳಿದ.

"ಹಾಕು. ಮೆಷಿನ್ ವಿಷಯ ವರ್ಷ ಕಳೀಲಿ, ಆಮೇಲೆ ನೋಡೋಣ. ಆದ್ರೆ ಅತ್ತೆ..."

"ಗೊತ್ತು ಕಣೋ, ರುಜು ಹಾಕಿದೋಳು ನಾನು" ಎಂದಳು ಅತ್ತೆ. ಏಪ್ರನ್ ಬಿಚ್ಚಿ ಮಡಿಸುತ್ತಿದ್ದಳು.

ಹರಿದ ಸುರುಳಿಯ ಕೆಳಗಿನ ಸಾಲಿನಲ್ಲಿ ನಂಬರು ಬರೆದೆ. ಏಳು ಸುತ್ತು ಹಾಕಿದೆ, ರುಜು ಮಾಡಿದೆ. "ಅತ್ತೆ, ಸ್ವಲ್ಪ ನೋಡು" ಅಂದೆ.

"ನಾನು ನೋಡಲ್ಲ. ನೋಡಿದ್ರೆ ಏನಾದ್ರೂ ತಪ್ಪು ಹೇಳ್ತೀನಿ. ನೀನೇ ನೋಡ್ಕೋ."

ಅವಳು ಏಪ್ರನ್ನನ್ನು ಮೇಜಿನ ಮೇಲಿಟ್ಟು ಹೊಸಿಲು ದಾಟಿದಳು. ನನ್ನನ್ನು ಎತ್ತಿ ಆಡಿಸಿದವಳು, ಈ ಕೆಲಸ ಕಲಿಸಿದವಳು ಹೋಗುತ್ತಿದ್ದಳು, ನಾನು ಎದ್ದು ಬಾಗಿಲವರೆಗೂ ಹೋಗಲಿಲ್ಲ. ಅಳು ಬಂತು, ನಿಜ. ಆದರೆ ಅಳುವಿಗಿಂತ ಮೊದಲು ಬಂದದ್ದು ಸಂತೋಷ. ಇಂಕು ಇನ್ನೂ ಆರಿರಲಿಲ್ಲ. ನಾನು ಬಗ್ಗಿ ನನ್ನ ರುಜುವನ್ನೇ ನೋಡುತ್ತ ಕೂತಿದ್ದೆ.